ಈಜಿಗೆ ಸ್ಕಾಲರ್‌ಶಿಪ್ ಸಿಗುತ್ತೆ, ಓದೋಕೆ ಹೊತ್ತು ಸಿಗುತ್ತಾ?

ಪ್ರಶ್ನೆ: ನನ್ನ ಮಗಳು ಸೆಕೆಂಡ್ ಪಿಯುಸಿ, ಪಿಸಿಎಂಬಿ ಓದುತ್ತಿದ್ದಾಳೆ. ಚಿಕ್ಕಂದಿನಿಂದ ಈಜುತ್ತಾಳೆ, ರಾಷ್ಟ್ರಮಟ್ಟದ ಪದಕಗಳಿವೆ. ಅಮೆರಿಕದ ಒಂದು ದೊಡ್ಡ ಸರ್ಕಾರಿ ಯೂನಿವರ್ಸಿಟಿಯ ಕೋಚ್ ಸ್ಕಾಲರ್‌ಶಿಪ್ ಬಗ್ಗೆ ಮಾತಾಡಿದ್ದಾರೆ. ಅವಳಿಗೆ ಬಯೋಮೆಡಿಕಲ್ ಎಂಜಿನಿಯರಿಂಗ್ ಓದುವ ಆಸೆ. ಅಲ್ಲೇ ನೆಲೆಸಿರುವ ನಮ್ಮ ಸಂಬಂಧಿಯೊಬ್ಬರು "ಅಲ್ಲಿ ಆಟವೇ ಮೊದಲು, ಓದು ಆಮೇಲೆ. ಮಗು ಓದು ಹಾಳಾಗುತ್ತೆ" ಅನ್ನುತ್ತಾರೆ. ಇದು ನಿಜವೇ? ಕಳಿಸಬಹುದೇ? — ಒಬ್ಬ ತಾಯಿ, ಬೆಂಗಳೂರು

ಉತ್ತರ: ಮೊದಲು ಸಮಾಧಾನದ ಮಾತು. ನಿಮ್ಮ ಮಗಳಿಗೆ ಅಲ್ಲಿ ಡಿಗ್ರಿ ಸಿಗುತ್ತದೆ, ಆ ಬಗ್ಗೆ ಜಾಸ್ತಿ ಚಿಂತೆ ಬೇಡ. ಆಟಗಾರರನ್ನು ಹೇಗಾದರೂ ಪಾಸು ಮಾಡಿಸಿ ದಡ ಸೇರಿಸಲು ಅಲ್ಲಿ ದೊಡ್ಡ ಏರ್ಪಾಡೇ ಇದೆ. ಅವಳಿಗೆ ಬೇಕಾದ ಡಿಗ್ರಿಯೇ ಸಿಗುತ್ತದಾ ಅನ್ನುವುದು ನೀವು ಕೇಳಬೇಕಾದ ಪ್ರಶ್ನೆ.

ನಾನು ಅಮೆರಿಕದ ಒಂದು ಸರ್ಕಾರಿ ಯೂನಿವರ್ಸಿಟಿಯಲ್ಲಿ ಹಲವು ವರ್ಷ ಅಕಾಡೆಮಿಕ್ ಅಡ್ವೈಸರ್ ಆಗಿದ್ದವಳು. ಅಂದರೆ, ಯಾವ ಸೆಮಿಸ್ಟರ್‌ನಲ್ಲಿ ಯಾವ ಕೋರ್ಸ್ ತಗೋಬೇಕು ಅಂತ ಮಕ್ಕಳ ಜೊತೆ ಕೂತು ಹೊಂದಿಸುವ ಕೆಲಸ. ಅಷ್ಟೂ ವರ್ಷದಲ್ಲಿ ಒಬ್ಬ ಕೋಚ್ ಕೂಡ ನನ್ನೆದುರು "ಈ ಹುಡುಗಿಗೆ ಎಂಜಿನಿಯರಿಂಗ್ ಬೇಡ" ಅಂದಿಲ್ಲ. ಅನ್ನುವ ಅಗತ್ಯವೇ ಬರುತ್ತಿರಲಿಲ್ಲ. ಕೆಮಿಸ್ಟ್ರಿ ಲ್ಯಾಬ್ ಮಧ್ಯಾಹ್ನ ಎರಡಕ್ಕೆ, ಪ್ರಾಕ್ಟೀಸ್ ಕೂಡ ಎರಡಕ್ಕೆ. ಬೆಳಗಿನ ಲ್ಯಾಬ್ ಇದ್ದರೆ ಅದು ಆಗಲೇ ಭರ್ತಿ. ಹುಡುಗಿ ತಾನಾಗಿಯೇ ಬೇರೆ ವಿಷಯ ಕೇಳುತ್ತಿದ್ದಳು. ಆಟ ಓದನ್ನು ಸೋಲಿಸುವುದು ಹೀಗೆ, ಟೈಮ್‌ಟೇಬಲ್ ಮೂಲಕ.

ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯ ಕೇನ್ ಕೋಲ್ಟರ್. ಅಲ್ಲಿನ ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ) ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಮೈದಾನದಲ್ಲಿ ಆಟ ನಡೆಸುವವನು. ಡಾಕ್ಟರ್ ಆಗಬೇಕು ಅಂತ ಬಂದ ಹುಡುಗ. ಪ್ರಾಕ್ಟೀಸ್ ಹೊತ್ತಿಗೇ ಕೆಮಿಸ್ಟ್ರಿ ಕ್ಲಾಸ್ ಬಿದ್ದು, ಕೊನೆಗೆ ಆ ದಾರಿ ಬಿಟ್ಟು ಸೈಕಾಲಜಿಗೆ ಹೋದ. 2014ರಲ್ಲಿ ಅಲ್ಲಿನ ಕಾರ್ಮಿಕ ಮಂಡಳಿ ಎದುರು ಇದನ್ನೆಲ್ಲ ಸಾಕ್ಷಿಯಾಗಿ ಹೇಳಿದ. ಆಟಗಾರರು ಸೀಸನ್‌ನಲ್ಲಿ ವಾರಕ್ಕೆ 40ರಿಂದ 50 ಗಂಟೆ ಫುಟ್‌ಬಾಲ್‌ಗೇ ಕೊಡುತ್ತಾರೆ, ಇವರು ನೌಕರರೇ ಅಂತ ಮಂಡಳಿಯ ಪ್ರಾದೇಶಿಕ ಅಧಿಕಾರಿ ತೀರ್ಪು ಕೊಟ್ಟರು. ಮರುವರ್ಷ ಮೇಲಿನ ಮಂಡಳಿ "ಇದು ನಮ್ಮ ವ್ಯಾಪ್ತಿಗೆ ಬೇಡ" ಅಂತ ಕೈತೊಳೆದುಕೊಂಡಿತು. ನಾರ್ತ್‌ವೆಸ್ಟರ್ನ್ ಓದಿಗೆ ಹೆಸರಾದ ಖಾಸಗಿ ಯೂನಿವರ್ಸಿಟಿ, ನೆನಪಿರಲಿ. ಅಲ್ಲೇ ಹೀಗೆ.

ನಿಯಮ ಇಲ್ಲವಾ ಅಂತ ಕೇಳುತ್ತೀರಿ. ಇದೆ. ಅಲ್ಲಿ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ. ಅದರ ಪ್ರಕಾರ ಸೀಸನ್‌ನಲ್ಲಿ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ ಮೀರುವಂತಿಲ್ಲ. ವಾರದಲ್ಲಿ ಒಂದು ದಿನ ರಜೆ ಕೊಡಲೇಬೇಕು. ಕೇಳಲು ಚೆನ್ನಾಗಿದೆ. ಆದರೆ ಲೆಕ್ಕ ಹಾಕುವ ರೀತಿ ನೋಡಿ. ಪಂದ್ಯದ ದಿನ ಬೆಳಗಿನಿಂದ ರಾತ್ರಿವರೆಗೆ ಅಲ್ಲೇ ಇದ್ದರೂ ಲೆಕ್ಕಕ್ಕೆ ಬರುವುದು 3 ಗಂಟೆ. ಬಸ್ಸು, ವಿಮಾನದಲ್ಲಿ ಕೂತ ಹೊತ್ತು ಲೆಕ್ಕಕ್ಕಿಲ್ಲ. ಭುಜ ನೋವಿಗೆ ಫಿಸಿಯೋ ಹತ್ತಿರ ಹೋದದ್ದು ಲೆಕ್ಕಕ್ಕಿಲ್ಲ. "ವಾಲಂಟರಿ" ಪ್ರಾಕ್ಟೀಸ್, ಅಂದರೆ ಯಾರೂ ಬಲವಂತ ಮಾಡದ ಪ್ರಾಕ್ಟೀಸ್, ಅದೂ ಇಲ್ಲ. ಈ ವಾಲಂಟರಿ ಅನ್ನುವುದು ದೊಡ್ಡ ತಮಾಷೆ. ಯಾರೂ ಹಾಜರಿ ತಗೊಳ್ಳುವುದಿಲ್ಲ, ಆದರೆ ಯಾರು ಬಂದಿಲ್ಲ ಅಂತ ಎಲ್ಲರಿಗೂ ಗೊತ್ತಿರುತ್ತದೆ.

ಈಜಿನಲ್ಲಿ ಇದು ಹೇಗಿರುತ್ತದೆ ಅಂತ ಹೇಳುತ್ತೇನೆ. ಬೆಳಗ್ಗೆ ಆರಕ್ಕೆ ನೀರಿಗೆ. ಎಂಟಕ್ಕೆ ಹೊರಗೆ ಬಂದು, ಒದ್ದೆ ತಲೆಯಲ್ಲೇ ತಿಂಡಿ ತಿಂದು, ಒಂಬತ್ತಕ್ಕೆ ಕ್ಯಾಲ್ಕುಲಸ್. ಮಧ್ಯಾಹ್ನ ಮತ್ತೆ ಪೂಲ್. ವಾರದಲ್ಲಿ ಎರಡು ಮೂರು ದಿನ ಜಿಮ್. ಸೀಸನ್ ಶುರುವಾಗುವುದು ಅಕ್ಟೋಬರ್ ಹೊತ್ತಿಗೆ, ದೊಡ್ಡ ಪಂದ್ಯಗಳು ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ. ಸರಿಯಾಗಿ ಮಿಡ್‌ಟರ್ಮ್ ಪರೀಕ್ಷೆ ಹೊತ್ತಿಗೆ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ಈಜುಗಾರ್ತಿ ರಾತ್ರಿ ಎಂಟೂವರೆಗೆ ಓದಲು ಕೂತು ಒಂಬತ್ತಕ್ಕೆ ಪುಸ್ತಕದ ಮೇಲೇ ನಿದ್ದೆ ಹೋಗುತ್ತಿದ್ದಳು. ಜಾಣೆ, ಸೋಮಾರಿಯಲ್ಲ. ದೇಹ ಕೇಳಬೇಕಲ್ಲ. ಅವಳು ಭಾನುವಾರ ಇಡೀ ದಿನ ಲೈಬ್ರರಿಯಲ್ಲಿ ಕಳೆದು, ಬೇಸಿಗೆಯಲ್ಲಿ ಲ್ಯಾಬ್ ಕೋರ್ಸ್ ಮುಗಿಸಿ, ನಾಲ್ಕರ ಬದಲು ಐದು ವರ್ಷ ತಗೊಂಡು ಎಂಜಿನಿಯರಿಂಗ್ ಮುಗಿಸಿದಳು. ಆಗುವುದಿಲ್ಲ ಅಂತಲ್ಲ. ಆದರೆ ಆ ಐದನೇ ವರ್ಷದ ಹಣ ಯಾರು ಕೊಡುತ್ತಾರೆ ಅನ್ನುವುದನ್ನು ಮೊದಲೇ ಕೇಳಿಕೊಂಡಿರಬೇಕು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪೋಷಕರಿಗೆ ಯಾರೂ ಹೇಳದ ಒಂದು ನಿಯಮ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಲ್ಲಿ ಅದನ್ನು 40-60-80 ಅಂತ ಕರೆಯುತ್ತಾರೆ. ಆಟಗಾರರು ಪಂದ್ಯಕ್ಕೆ ಇಳಿಯಬೇಕಾದರೆ ಎರಡನೇ ವರ್ಷದ ಕೊನೆಗೆ ತಮ್ಮ ಡಿಗ್ರಿಯ 40 ಪರ್ಸೆಂಟ್ ಮುಗಿಸಿರಬೇಕು. ಮೂರರ ಕೊನೆಗೆ 60, ನಾಲ್ಕರ ಕೊನೆಗೆ 80. ಮಕ್ಕಳು ಸುಮ್ನೆ ಕಾಲ ಕಳೆಯಬಾರದು ಅಂತ ಮಾಡಿದ ನಿಯಮ, ಉದ್ದೇಶ ಒಳ್ಳೆಯದೇ. ಈಗ ಲೆಕ್ಕ ನೋಡಿ. ಎಂಜಿನಿಯರಿಂಗ್ ಡಿಗ್ರಿ 128 ಕ್ರೆಡಿಟ್ ಅಂದುಕೊಳ್ಳಿ (ಒಂದೊಂದು ಕೋರ್ಸ್ ಮುಗಿಸಿದಾಗಲೂ ಇಷ್ಟಿಷ್ಟು ಕ್ರೆಡಿಟ್ ಸಿಗುತ್ತದೆ). ಅದರ 40 ಪರ್ಸೆಂಟ್ ಅಂದರೆ 51 ದಾಟಬೇಕು. ಒಬ್ಬ ಹುಡುಗಿ ಮೊದಲ ಎರಡು ವರ್ಷ "ಆಮೇಲೆ ನೋಡೋಣ" ಅಂತ ಸುಲಭದ ಕೋರ್ಸ್ ತಗೊಂಡು 60 ಕ್ರೆಡಿಟ್ ಮುಗಿಸಿದ್ದಾಳೆ. ಅದರಲ್ಲಿ ಎಂಜಿನಿಯರಿಂಗ್‌ಗೆ ಲೆಕ್ಕಕ್ಕೆ ಬರುವುದು 35 ಮಾತ್ರ. ಅವಳು ಈಗ ಎಂಜಿನಿಯರಿಂಗ್‌ಗೆ ಬದಲಾದರೆ ಆಡಲು ಅರ್ಹಳಲ್ಲ. ಬದಲಾಗದೆ ಇದ್ದಲ್ಲೇ ಇದ್ದರೆ ಅರ್ಹಳು. ಇಪ್ಪತ್ತು ವರ್ಷದ ಹುಡುಗಿ ಯಾವುದನ್ನು ಆರಿಸುತ್ತಾಳೆ ಹೇಳಿ?

ಅದೇ ಎಂಜಿನಿಯರಿಂಗ್‌ನಲ್ಲಿ ಶುರುಮಾಡಿ ಕಷ್ಟ ಅನ್ನಿಸಿ ಹೊರಗೆ ಬಂದರೆ ತೊಂದರೆ ಕಡಿಮೆ. ಅಲ್ಲಿ ಮುಗಿಸಿದ ಗಣಿತ, ಫಿಸಿಕ್ಸ್ ಬೇರೆ ಡಿಗ್ರಿಗಳಲ್ಲಿ ಸಾಮಾನ್ಯವಾಗಿ ಎಲೆಕ್ಟಿವ್ ಆಗಿ ಲೆಕ್ಕಕ್ಕೆ ಬರುತ್ತವೆ. ಹೊರಬರುವ ಬಾಗಿಲು ಸದಾ ತೆರೆದಿರುತ್ತದೆ, ಒಳಗೆ ಹೋಗುವ ಬಾಗಿಲಿಗೆ ಮಾತ್ರ ಎರಡನೇ ವರ್ಷದ ನಂತರ ಬೀಗ. ಹಾಗಾಗಿ ನಿಮ್ಮ ಮಗಳು ಹೋಗುವುದಾದರೆ ಮೊದಲ ಸೆಮಿಸ್ಟರ್‌ನಿಂದಲೇ ಎಂಜಿನಿಯರಿಂಗ್‌ನ ಗಣಿತ, ಕೆಮಿಸ್ಟ್ರಿ ತಗೊಳ್ಳಬೇಕು. "ಮೊದಲ ವರ್ಷ ಹೊಂದಿಕೊಳ್ಳಲಿ, ಹಗುರವಾದದ್ದು ಕೊಡೋಣ" ಅಂತ ಕ್ರೀಡಾ ವಿಭಾಗದ ಅಡ್ವೈಸರ್ ಹೇಳಬಹುದು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಒಪ್ಪಬೇಡಿ.

ಆ ಅಡ್ವೈಸರ್ ಯಾರ ಕೈಕೆಳಗೆ ಕೆಲಸ ಮಾಡುತ್ತಾರೆ ಅನ್ನುವುದನ್ನೂ ತಿಳಿದುಕೊಳ್ಳಿ. ದೊಡ್ಡ ಯೂನಿವರ್ಸಿಟಿಗಳಲ್ಲಿ ಆಟಗಾರರಿಗೇ ಬೇರೆ ಓದುವ ಕೇಂದ್ರ ಇರುತ್ತದೆ. ಒರೆಗಾನ್ ಯೂನಿವರ್ಸಿಟಿಯ ಜಾಕ್ವಾ ಸೆಂಟರ್ ಫೋಟೋ ಹುಡುಕಿ ನೋಡಿ. ನೈಕಿ ಕಂಪನಿಯ ಫಿಲ್ ನೈಟ್ ಕಟ್ಟಿಸಿಕೊಟ್ಟ ಗಾಜಿನ ಕಟ್ಟಡ, 2010ರಲ್ಲಿ ತೆರೆಯಿತು. ಕೆಳಗಿನ ಮಹಡಿ ಎಲ್ಲರಿಗೂ, ಮೇಲಿನವು ಆಟಗಾರರಿಗೆ ಮಾತ್ರ. ಇಂಥ ಕೇಂದ್ರಗಳಲ್ಲಿ ಟ್ಯೂಟರ್‌ಗಳಿರುತ್ತಾರೆ, ಸ್ಟಡಿ ಹಾಲ್ ಕಡ್ಡಾಯ, ಕೋರ್ಸ್ ರಿಜಿಸ್ಟ್ರೇಷನ್‌ನಲ್ಲಿ ಆಟಗಾರರಿಗೆ ಮೊದಲ ಸರದಿ. ಸೆಮಿಸ್ಟರ್ ಮಧ್ಯೆ ಪ್ರೊಫೆಸರ್‌ಗಳಿಗೆ "ಈ ವಿದ್ಯಾರ್ಥಿ ಹೇಗೆ ಓದುತ್ತಿದ್ದಾಳೆ" ಅಂತ ಪ್ರೋಗ್ರೆಸ್ ರಿಪೋರ್ಟ್ ಕೇಳುವ ಮೇಲ್ ಹೋಗುತ್ತದೆ. ಕೆಲವು ಕಡೆ ಆಟಗಾರರು ಕ್ಲಾಸಿನಲ್ಲಿ ಕೂತಿದ್ದಾರಾ ಅಂತ ಬಾಗಿಲಲ್ಲಿ ಇಣುಕಿ ನೋಡಲು ಸಂಬಳ ಕೊಟ್ಟು ಜನ ಇಟ್ಟಿರುತ್ತಾರೆ. ನಮ್ಮಲ್ಲಿ ನ್ಯಾಷನಲ್ಸ್‌ಗೆ ಹೋಗಿಬಂದ ಮಗು ಅಟೆಂಡೆನ್ಸ್ ಶಾರ್ಟೇಜ್ ಮಾಫಿಗಾಗಿ ಪ್ರಿನ್ಸಿಪಾಲರ ಬಾಗಿಲು ಕಾಯುತ್ತದೆ, ಅಲ್ವಾ? ಅದನ್ನು ನೋಡಿದವರಿಗೆ ಇದು ಸ್ವರ್ಗ ಅನ್ನಿಸುತ್ತದೆ. ಸಹಾಯ ನಿಜವಾದದ್ದೇ, ನಾನು ಅದನ್ನು ಕೀಳು ಮಾಡುತ್ತಿಲ್ಲ. ಆದರೆ ಆ ಕಟ್ಟಡದಲ್ಲಿ ದಿನವೂ ಕೇಳಿಬರುವ ಪದ "ಎಲಿಜಿಬಲ್". ಈ ಶನಿವಾರ ಆಡಬಹುದಾ, ಇಲ್ಲವಾ? ಎಲ್ಲ ಅದಕ್ಕಾಗಿ. ಕಲಿತಳಾ ಅನ್ನುವುದು ಬೇರೆ ಪ್ರಶ್ನೆ.

ಆಡುವ ಅರ್ಹತೆ, ಕಲಿಕೆ ಈ ಎರಡನ್ನೂ ಬೆರೆಸಿದರೆ ಏನಾಗುತ್ತದೆ ಅಂತ ನಾರ್ತ್ ಕ್ಯಾರೊಲಿನಾ ಯೂನಿವರ್ಸಿಟಿ ತೋರಿಸಿಕೊಟ್ಟಿತು. ಚಾಪೆಲ್ ಹಿಲ್, ಮೈಕೆಲ್ ಜೋರ್ಡನ್ ಓದಿದ ಜಾಗ. ಅಲ್ಲಿ 1993ರಿಂದ 2011ರವರೆಗೆ, 18 ವರ್ಷ, ಒಂದು ವಿಭಾಗದಲ್ಲಿ ಹೆಸರಿಗೆ ಮಾತ್ರ ಇರುವ ಕ್ಲಾಸುಗಳು ನಡೆದವು. ನಡೆದವು ಅನ್ನುವುದೂ ತಪ್ಪು, ಅವು ಸೇರಲೇ ಇಲ್ಲ. ಸೆಮಿಸ್ಟರ್ ಕೊನೆಗೆ ಒಂದು ಪ್ರಬಂಧ ಕೊಟ್ಟರೆ ಮುಗಿಯಿತು. ಬಹುಪಾಲು ಪ್ರಬಂಧಗಳಿಗೆ ಅಂಕ ಹಾಕುತ್ತಿದ್ದವರು ಪ್ರೊಫೆಸರ್ ಅಲ್ಲ, ವಿಭಾಗದ ಆಫೀಸ್ ನೋಡಿಕೊಳ್ಳುತ್ತಿದ್ದ ಸಿಬ್ಬಂದಿ. ಅದೂ ಧಾರಾಳವಾಗಿ. 2014ರಲ್ಲಿ ಬಂದ ವೈನ್‌ಸ್ಟೈನ್ ವರದಿಯ ಪ್ರಕಾರ 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ಇಂಥ ಕ್ಲಾಸ್ ತಗೊಂಡಿದ್ದರು, ಅವರಲ್ಲಿ ಸುಮಾರು ಅರ್ಧ ಆಟಗಾರರು.

ಆ ವರದಿಯಲ್ಲಿ ನನಗೆ ಮರೆಯಲಾಗದ ಭಾಗ ಒಂದು ಪವರ್‌ಪಾಯಿಂಟ್ ಸ್ಲೈಡ್. ಆ ಆಫೀಸ್ ಸಿಬ್ಬಂದಿ 2009ರಲ್ಲಿ ನಿವೃತ್ತರಾದರು. ಆಗ ಆಟಗಾರರ ಓದು ನೋಡಿಕೊಳ್ಳುವ ಅಡ್ವೈಸರ್‌ಗಳು ಗಾಬರಿಯಾಗಿ ಫುಟ್‌ಬಾಲ್ ಕೋಚ್‌ಗಳನ್ನು ಕೂರಿಸಿಕೊಂಡು ವಿವರಿಸಿದರು: ನಾವು ಹುಡುಗರನ್ನು ಹಾಕುತ್ತಿದ್ದ ಕ್ಲಾಸ್‌ಗಳಲ್ಲಿ ಅವರು ಹಾಜರಾಗಬೇಕಿರಲಿಲ್ಲ, ನೋಟ್ಸ್ ಬರೆಯಬೇಕಿರಲಿಲ್ಲ, ಎಚ್ಚರವಾಗಿರಬೇಕು ಅಂತಲೂ ಇರಲಿಲ್ಲ, ಪ್ರೊಫೆಸರ್‌ರನ್ನು ಭೇಟಿಯಾಗಬೇಕಿರಲಿಲ್ಲ, ಇನ್ನು ಮೇಲೆ ಅಂಥ ಕ್ಲಾಸ್‌ಗಳಿಲ್ಲ. ಇದನ್ನು ಗುಟ್ಟಾಗಿ ಪಿಸುಗುಟ್ಟಲಿಲ್ಲ, ಸ್ಲೈಡ್ ಮಾಡಿ ತೋರಿಸಿದರು. ಆ ಸೆಮಿಸ್ಟರ್‌ನಲ್ಲಿ ಫುಟ್‌ಬಾಲ್ ತಂಡದ ಸರಾಸರಿ ಅಂಕ ಹತ್ತು ವರ್ಷದಲ್ಲೇ ಅತಿ ಕೆಳಮಟ್ಟಕ್ಕೆ ಇಳಿಯಿತು.

ಶಿಕ್ಷೆ? 2017ರಲ್ಲಿ ಎನ್‌ಸಿಎಎ, ತನ್ನ ನಿಯಮ ಮುರಿದಿದ್ದಾರೆ ಅಂತ ತೀರ್ಮಾನಿಸಲು ಆಗುವುದಿಲ್ಲ ಅಂದಿತು. ಕಾರಣ, ಆ ಕ್ಲಾಸ್‌ಗಳು ಆಟಗಾರರಿಗೆ ಮಾತ್ರ ಇರಲಿಲ್ಲ, ಬೇರೆ ವಿದ್ಯಾರ್ಥಿಗಳೂ ತಗೊಂಡಿದ್ದರು. ಮೋಸ ಎಲ್ಲರಿಗೂ ಸಮಾನವಾಗಿ ಸಿಕ್ಕರೆ ಅದು ಕ್ರೀಡಾ ನಿಯಮದ ವಿಷಯವಲ್ಲ. ನನಗೆ ಇದರಲ್ಲಿ ಹಗರಣಕ್ಕಿಂತ ಆ ತೀರ್ಪೇ ಜಾಸ್ತಿ ಮಾತಾಡುತ್ತದೆ.

ದನಿ ಎತ್ತಿದವರಿಗೂ ಸುಲಭವಾಗಿರಲಿಲ್ಲ. ಜಾರ್ಜಿಯಾ ಯೂನಿವರ್ಸಿಟಿಯಲ್ಲಿ ಜ್ಯಾನ್ ಕೆಂಪ್ ಅನ್ನುವ ಇಂಗ್ಲಿಷ್ ಅಧ್ಯಾಪಕಿ, ಫೇಲಾದ ಫುಟ್‌ಬಾಲ್ ಆಟಗಾರರನ್ನು ಮುಂದಕ್ಕೆ ತಳ್ಳಿದ್ದನ್ನು ಪ್ರಶ್ನಿಸಿ ಕೆಲಸ ಕಳೆದುಕೊಂಡರು. 1986ರಲ್ಲಿ ಕೋರ್ಟಿನಲ್ಲಿ ಗೆದ್ದರು. ಡೆಕ್ಸ್ಟರ್ ಮ್ಯಾನ್ಲಿ ಅನ್ನುವ ದೊಡ್ಡ ಆಟಗಾರ 1989ರಲ್ಲಿ ಅಮೆರಿಕದ ಸೆನೆಟ್ ಎದುರು ಅಳುತ್ತಾ ಹೇಳಿದ್ದು, ಓಕ್ಲಹೋಮ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಕಳೆದು ಬಂದರೂ ತನಗೆ ಸರಿಯಾಗಿ ಓದಲು ಬರುತ್ತಿರಲಿಲ್ಲ ಅಂತ. ಆಮೇಲೆ ನಿಯಮಗಳು ಬಿಗಿಯಾದವು ಅನ್ನುವುದೂ ನಿಜ. ಈಗ ತಂಡದ ಓದಿನ ಅಂಕ ಒಂದು ಮಟ್ಟಕ್ಕಿಂತ ಇಳಿದರೆ ತಂಡವನ್ನೇ ಹೊರಗಿಡಬಹುದು. ಹಿಂದಿನ ವರ್ಷಗಳ ಕಳಪೆ ಅಂಕದಿಂದಾಗಿ ಕನೆಕ್ಟಿಕಟ್ ಯೂನಿವರ್ಸಿಟಿಯ ಗಂಡಸರ ಬಾಸ್ಕೆಟ್‌ಬಾಲ್ ತಂಡ 2013ರ ದೊಡ್ಡ ಟೂರ್ನಿಗೆ ಹೋಗಲಿಲ್ಲ. ಮರುವರ್ಷ ಹೋಗಿ ಚಾಂಪಿಯನ್ ಆಯಿತು!

ಇಷ್ಟೆಲ್ಲ ಯಾಕೆ? ಒಂದು ಯೂನಿವರ್ಸಿಟಿಗೆ ಫುಟ್‌ಬಾಲ್ ಯಾಕೆ ಬೇಕು? ನಮ್ಮವರಿಗೆ ಅರ್ಥವಾಗದ ವಿಷಯ ಇದೇ. ಅಲ್ಲಿ ಇದು ಮೊದಲಿನಿಂದಲೂ ವ್ಯಾಪಾರದ ಜೊತೆ ಬೆಳೆದದ್ದು. ಅಮೆರಿಕದಲ್ಲಿ ಎರಡು ಕಾಲೇಜುಗಳ ನಡುವಿನ ಮೊದಲ ಸ್ಪರ್ಧೆ 1852ರಲ್ಲಿ, ಹಾರ್ವರ್ಡ್ ಮತ್ತು ಯೇಲ್ ನಡುವೆ ದೋಣಿ ಓಟ. ಖರ್ಚು ಕೊಟ್ಟದ್ದು ಒಂದು ರೈಲ್ವೆ ಕಂಪನಿ, ಆ ಸರೋವರಕ್ಕೆ ಪ್ರವಾಸಿಗರು ರೈಲಿನಲ್ಲಿ ಬರಲಿ ಅಂತ. ಕಾರ್ನೆಗಿ ಫೌಂಡೇಶನ್ 1929ರಲ್ಲೇ ಕಾಲೇಜು ಕ್ರೀಡೆ ಹಣದ ಹಿಂದೆ ಬಿದ್ದಿದೆ ಅಂತ ದೊಡ್ಡ ವರದಿ ಬರೆಯಿತು. ವರದಿ ಓದಿದರು, ಸ್ಟೇಡಿಯಂ ಕಟ್ಟಿದರು.

ಶಿಕಾಗೊ ಯೂನಿವರ್ಸಿಟಿಯ ರಾಬರ್ಟ್ ಹಚಿನ್ಸ್ ಮಾತ್ರ 1939ರಲ್ಲಿ ಫುಟ್‌ಬಾಲನ್ನೇ ನಿಲ್ಲಿಸಿದರು. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಮೊದಲ ಬಾರಿ ಪಡೆದದ್ದು 1935ರಲ್ಲಿ ಅವರದೇ ಯೂನಿವರ್ಸಿಟಿಯ ಹುಡುಗ, ಆದರೂ ನಿಲ್ಲಿಸಿದರು. ಮೂರು ವರ್ಷದ ನಂತರ ಅದೇ ಮೈದಾನದ ಸ್ಟ್ಯಾಂಡಿನ ಕೆಳಗಿನ ಕೋಣೆಯಲ್ಲಿ ಎನ್ರಿಕೊ ಫೆರ್ಮಿ ತಂಡ ಮೊದಲ ನ್ಯೂಕ್ಲಿಯರ್ ಸರಣಿ ಕ್ರಿಯೆ ನಡೆಸಿತು. ಶಿಕಾಗೊದ ಹೆಸರೇನೂ ಕಡಿಮೆಯಾಗಲಿಲ್ಲ. ಆದರೂ ಆ ದಾರಿ ಹಿಡಿದ ದೊಡ್ಡ ಯೂನಿವರ್ಸಿಟಿಗಳು ಬೆರಳೆಣಿಕೆ. 1984ರಲ್ಲಿ ಸುಪ್ರೀಂ ಕೋರ್ಟ್ ಟಿವಿ ಹಕ್ಕಿನ ಮೇಲೆ ಎನ್‌ಸಿಎಎಗಿದ್ದ ಹಿಡಿತ ತೆಗೆದಮೇಲಂತೂ ಹಣದ ಹೊಳೆ. ಬಿಗ್ ಟೆನ್ ಅನ್ನುವ, ತಮ್ಮತಮ್ಮಲ್ಲೇ ಟೂರ್ನಿ ಆಡುವ ಯೂನಿವರ್ಸಿಟಿಗಳ ಒಕ್ಕೂಟ 2022ರಲ್ಲಿ ಮಾಡಿಕೊಂಡ ಟಿವಿ ಒಪ್ಪಂದ ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಹೆಚ್ಚು. ಟೆಕ್ಸಸ್ ಎ ಅಂಡ್ ಎಂ ಯೂನಿವರ್ಸಿಟಿ 2023ರಲ್ಲಿ ತನ್ನ ಫುಟ್‌ಬಾಲ್ ಕೋಚ್ ಜಿಂಬೊ ಫಿಶರ್‌ರನ್ನು ತೆಗೆದುಹಾಕಿ, ಒಪ್ಪಂದದ ಪ್ರಕಾರ ಸುಮಾರು 7.6 ಕೋಟಿ ಡಾಲರ್ ಕೊಡಬೇಕಾಯಿತು. ಕೆಲಸ ಮಾಡಬೇಡಿ ಅನ್ನುವುದಕ್ಕೆ!

ಇಷ್ಟಾದರೂ ಖರ್ಚು ಮೀರಿ ಹಣ ಉಳಿಸುವ ಕ್ರೀಡಾ ವಿಭಾಗಗಳು ಇಡೀ ದೇಶದಲ್ಲಿ ಸುಮಾರು 25 ಅಂತ ಎನ್‌ಸಿಎಎಯ 2019ರ ಲೆಕ್ಕವೇ ಹೇಳಿತ್ತು. ಉಳಿದ ಕಡೆ ಕೊರತೆ ತುಂಬುವುದು ಯೂನಿವರ್ಸಿಟಿಯ ಹಣ ಮತ್ತು ಎಲ್ಲ ವಿದ್ಯಾರ್ಥಿಗಳ ಫೀಸು. ಬಿಲ್‌ನಲ್ಲಿ ಅದು "ಸ್ಟೂಡೆಂಟ್ ಫೀ" ಅನ್ನುವ ಸಾಲಿನೊಳಗೆ ಕೂತಿರುತ್ತದೆ. ಒಂದೂ ಪಂದ್ಯ ನೋಡದ ನಮ್ಮ ಹುಬ್ಬಳ್ಳಿಯ ಎಂಎಸ್ ಹುಡುಗನೂ ಕಟ್ಟಿರುತ್ತಾನೆ, ಅವನಿಗೇ ಗೊತ್ತಿರುವುದಿಲ್ಲ.

ಈಜುಗಾರ್ತಿಗೆ ಇದೆಲ್ಲ ಯಾಕೆ ಅಂದರೆ, ಈಜು ಹಣ ತರುವ ಆಟವಲ್ಲ. ಫುಟ್‌ಬಾಲ್ ಹಣದ ನೆರಳಲ್ಲಿ ಬದುಕುವ ಆಟ. ಇದರಲ್ಲಿ ಒಂದು ಲಾಭ ಇದೆ: ಟಿವಿ ಒತ್ತಡ ಇಲ್ಲ, ತಂಡದಲ್ಲಿ ಓದುವ ಮಕ್ಕಳು ಜಾಸ್ತಿ, ಎಂಜಿನಿಯರಿಂಗ್, ಪ್ರಿಮೆಡ್ (ಮೆಡಿಕಲ್ ಸೇರಲು ಬೇಕಾದ ಮೊದಲ ಓದು) ಮಾಡುವವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ನಷ್ಟವೂ ಇದೆ. ಫುಟ್‌ಬಾಲ್ ಟಿವಿ ಹಣಕ್ಕಾಗಿ 2024ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಹೋಗಿ ಸೇರಿದ್ದು ಅಟ್ಲಾಂಟಿಕ್ ಕೋಸ್ಟ್ ಒಕ್ಕೂಟವನ್ನು. ಪೆಸಿಫಿಕ್ ದಡದ ಕಾಲೇಜು, ಅಟ್ಲಾಂಟಿಕ್ ದಡದ ಟೂರ್ನಿ! ಫುಟ್‌ಬಾಲ್‌ಗೆ ವಾರಕ್ಕೊಂದು ಪಂದ್ಯ, ಹೇಗೋ ನಡೆಯುತ್ತದೆ. ಮಿಕ್ಕ ಆಟದ ಮಕ್ಕಳು ಮೂರು ಗಂಟೆ ಸಮಯ ವ್ಯತ್ಯಾಸದಲ್ಲಿ, ವಿಮಾನ ನಿಲ್ದಾಣದ ನೆಲದ ಮೇಲೆ ಕೂತು ಲ್ಯಾಪ್‌ಟಾಪ್‌ನಲ್ಲಿ ಕ್ವಿಜ್ ಬರೆಯುತ್ತಾರೆ.

ಇನ್ನೊಂದು, ತಂಡವೇ ಇಲ್ಲವಾಗುವ ಭಯ. ಸ್ಟ್ಯಾನ್‌ಫರ್ಡ್ 2020ರಲ್ಲಿ 11 ಆಟ ನಿಲ್ಲಿಸುತ್ತೇವೆ ಅಂದಿತು, ಗಲಾಟೆಯಾದ ಮೇಲೆ ಮರುವರ್ಷ ಹಿಂದೆ ತಗೊಂಡಿತು. ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ ಯೂನಿವರ್ಸಿಟಿ 2025ರ ಮಾರ್ಚ್‌ನಲ್ಲಿ ಈಜು ತಂಡವನ್ನು ಮುಚ್ಚಿತು. ಅದೇ ವರ್ಷ ಜೂನ್‌ನಲ್ಲಿ, ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ "ಹೌಸ್" ಪ್ರಕರಣದ ರಾಜಿ ಕೋರ್ಟಿನಲ್ಲಿ ಒಪ್ಪಿಗೆಯಾಯಿತು. ಹಳೆಯ ಆಟಗಾರರಿಗೆ 280 ಕೋಟಿ ಡಾಲರ್ ಬಾಕಿ, ಜೊತೆಗೆ ಇನ್ನು ಮೇಲೆ ಒಂದೊಂದು ಯೂನಿವರ್ಸಿಟಿ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದು. ಆಟಗಾರರಿಗೆ ನ್ಯಾಯ ಸಿಕ್ಕಿತು, ನನಗೆ ಸಂತೋಷವೇ. ಆದರೆ ಹಂಚುವ ಹಣದಲ್ಲಿ ದೊಡ್ಡ ಪಾಲು ಫುಟ್‌ಬಾಲ್, ಬಾಸ್ಕೆಟ್‌ಬಾಲ್‌ಗೆ. ಆ ಹಣವನ್ನು ಎಲ್ಲಿಂದಾದರೂ ಉಳಿಸಬೇಕಲ್ಲ. ಜೊತೆಗೆ ಈ ರಾಜಿಗೆ ಸೇರಿದ ಕಾಲೇಜುಗಳಲ್ಲಿ ಪ್ರತಿ ತಂಡಕ್ಕೂ ಇಷ್ಟೇ ಜನ ಅಂತ ಮಿತಿ ಬಂದಿದೆ. ಪಟ್ಟಿಯ ಕೊನೆಯಲ್ಲಿರುವ ಮಕ್ಕಳಿಗೆ ಜಾಗ ಇಲ್ಲ. ನಿಮ್ಮ ಮಗಳು ತಂಡದಲ್ಲಿ ಎಷ್ಟನೆಯವಳಾಗುತ್ತಾಳೆ ಅಂತ ಕೋಚ್‌ಗೆ ನೇರವಾಗಿ ಕೇಳಿ. ಅವಳ ಟೈಮಿಂಗ್ ಮೀಟರ್ ಲೆಕ್ಕದಲ್ಲಿರುತ್ತದೆ, ಅಲ್ಲಿ ಕಾಲೇಜು ಈಜು 25 ಗಜದ ಪೂಲ್‌ನಲ್ಲಿ. ಬದಲಿಸಿ ಲೆಕ್ಕ ಹಾಕಿದರೆ ಅವರ ಒಕ್ಕೂಟದ ಫಲಿತಾಂಶ ಪಟ್ಟಿಯಲ್ಲಿ ಅವಳು ಎಲ್ಲಿ ನಿಲ್ಲುತ್ತಾಳೆ ಅಂತ ನೀವೇ ನೋಡಬಹುದು.

ಎರಡನ್ನೂ ಗೆದ್ದವರು ಇಲ್ಲವಾ? ಇದ್ದಾರೆ. ಫ್ಲೋರಿಡಾ ಸ್ಟೇಟ್‌ನ ಮೈರನ್ ರೋಲ್ 2008ರಲ್ಲಿ ರೋಡ್ಸ್ ಸ್ಕಾಲರ್‌ಶಿಪ್ ಸಂದರ್ಶನ ಮುಗಿಸಿ ಅದೇ ದಿನ ವಿಮಾನ ಹತ್ತಿ ಪಂದ್ಯಕ್ಕೆ ಓಡಿದ. ಆಕ್ಸ್‌ಫರ್ಡ್‌ಗೆ ಹೋದ, ಆಮೇಲೆ ನ್ಯೂರೋಸರ್ಜನ್ ಆದ. ಅವನ ಹೆಸರನ್ನು ಎಲ್ಲರೂ ಹೇಳುತ್ತಾರೆ, ಯಾಕೆಂದರೆ ಅಂಥವರು ಅಪರೂಪ. ಇನ್ನೊಂದು ಕಡೆ ಓಹಾಯೊ ಸ್ಟೇಟ್‌ನ ಕಾರ್ಡೇಲ್ ಜೋನ್ಸ್. ನಾವು ಬಂದಿರುವುದು ಫುಟ್‌ಬಾಲ್ ಆಡಲು, ಕ್ಲಾಸಿಗೆ ಯಾಕೆ ಹೋಗಬೇಕು ಅಂತ 2012ರಲ್ಲಿ ಟ್ವೀಟ್ ಮಾಡಿ ಇಡೀ ದೇಶದಿಂದ ಬೈಸಿಕೊಂಡ. ಅವನೂ 2017ರಲ್ಲಿ ಡಿಗ್ರಿ ಮುಗಿಸಿದ. ಹುಡುಗ ಹೇಳಿದ್ದು ಒರಟಾಗಿತ್ತು, ಸುಳ್ಳಾಗಿರಲಿಲ್ಲ.

ಡಿಗ್ರಿ ಮುಗಿಸುವವರ ಅಂಕಿ ಅಂಶ ನಿಮಗೆ ಕೋಚ್ ತೋರಿಸುತ್ತಾರೆ, ಸುಮಾರು 90 ಪರ್ಸೆಂಟ್ ಅಂತ. ಅದು ಎನ್‌ಸಿಎಎಯದೇ ಲೆಕ್ಕ. ಒಳ್ಳೆಯ ಅಂಕದಲ್ಲಿದ್ದು ಬೇರೆ ಕಾಲೇಜಿಗೆ ಹೋದವರನ್ನು ಅದು ಕಳೆದುಬಿಡುತ್ತದೆ. ಸರ್ಕಾರದ ಲೆಕ್ಕದಲ್ಲಿ ಸಂಖ್ಯೆ ಇದಕ್ಕಿಂತ ಸಾಕಷ್ಟು ಕಡಿಮೆ. ಎರಡೂ ಲೆಕ್ಕ ನಿಮಗೆ ಬೇಕಾದ್ದನ್ನು ಹೇಳುವುದಿಲ್ಲ. ನೀವು ಕೇಳಬೇಕಾದ್ದು ಇದು: ಕಳೆದ ನಾಲ್ಕು ವರ್ಷದಲ್ಲಿ ನಿಮ್ಮ ತಂಡದಿಂದ ಎಷ್ಟು ಜನ ಎಂಜಿನಿಯರಿಂಗ್ ಡಿಗ್ರಿ ತಗೊಂಡಿದ್ದಾರೆ? ಎಷ್ಟು ಜನ ಎಂಜಿನಿಯರಿಂಗ್ ಅಂತ ಸೇರಿ ಬದಲಾದರು? ಈಗ ತಂಡದಲ್ಲಿರುವ ಒಬ್ಬ ಎಂಜಿನಿಯರಿಂಗ್ ಹುಡುಗಿಯ ಜೊತೆ ಕೋಚ್ ಇಲ್ಲದೆ ಮಾತಾಡಲು ಬಿಡುತ್ತೀರಾ? ಮಧ್ಯಾಹ್ನದ ಲ್ಯಾಬ್ ಇದ್ದ ದಿನ ಅವಳು ಪ್ರಾಕ್ಟೀಸ್ ಯಾವಾಗ ಮಾಡುತ್ತಾಳೆ? ಒಳ್ಳೆಯ ಕೋಚ್ ಈ ಕೊನೆ ಪ್ರಶ್ನೆಗೆ ತಡವರಿಸುವುದಿಲ್ಲ. "ಬುಧವಾರ ಅವರಿಗೆ ಬೆಳಗ್ಗೆ ಬೇರೆ ಗುಂಪು ಇದೆ" ಅಂತ ತಕ್ಷಣ ಹೇಳುತ್ತಾರೆ. "ಅದೆಲ್ಲ ಹೊಂದಿಸ್ತೀವಿ ಬಿಡಿ" ಅಂದರೆ ಹುಷಾರಾಗಿ.

ದುಡ್ಡಿನ ವಿಷಯ. ಈಜಿನಲ್ಲಿ ಪೂರ್ತಿ ಸ್ಕಾಲರ್‌ಶಿಪ್ ಅಪರೂಪ, ಅರ್ಧವೋ ಕಾಲೋ ಕೊಡುವುದೇ ಹೆಚ್ಚು. ಎಷ್ಟು ಪರ್ಸೆಂಟ್, ಎಷ್ಟು ವರ್ಷಕ್ಕೆ, ಗಾಯವಾದರೆ ಮುಂದುವರಿಯುತ್ತಾ, ಐದನೇ ವರ್ಷಕ್ಕೆ ಸಹಾಯ ಇದೆಯಾ, ಎಲ್ಲ ಬರಹದಲ್ಲಿ ಬೇಕು. ಕೋಚ್ ಬದಲಾಗುತ್ತಾರೆ, ಬಾಯಿಮಾತು ಅವರ ಜೊತೆಯೇ ಹೋಗುತ್ತದೆ. ಊಟ ವಸತಿಗೆ ಕೊಡುವ ಸ್ಕಾಲರ್‌ಶಿಪ್ ಭಾಗಕ್ಕೆ ಅಲ್ಲಿ ತೆರಿಗೆ ಇದೆ. ಸ್ಟೂಡೆಂಟ್ ವೀಸಾದಲ್ಲಿರುವ ಮಕ್ಕಳು ಅಮೆರಿಕನ್ ಸಹಪಾಠಿಗಳ ಹಾಗೆ ಜಾಹೀರಾತು, ಪ್ರಚಾರದಿಂದ ಹಣ ಮಾಡಲು ಹೋದರೆ ವೀಸಾಗೇ ಕುತ್ತು, ಹಾಗಾಗಿ ಆ ಆಸೆ ಇಟ್ಟುಕೊಳ್ಳಬೇಡಿ. ಇಲ್ಲಿ ಸರ್ಕಾರದಿಂದಲೋ ಪ್ರಾಯೋಜಕರಿಂದಲೋ ನಗದು ಬಹುಮಾನ ಬಂದಿದ್ದರೆ ಎನ್‌ಸಿಎಎಯ ಎಲಿಜಿಬಿಲಿಟಿ ಸೆಂಟರ್‌ಗೆ ಮೊದಲೇ ತಿಳಿಸಿ. ಅವರು ಒಂಬತ್ತನೇ ಕ್ಲಾಸಿನಿಂದ ಅಂಕಗಳನ್ನು ನೋಡುತ್ತಾರೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಕಾರ್ಡ್ ಜೋಪಾನವಾಗಿರುತ್ತೆ, ಒಂಬತ್ತನೆಯದು ಎಲ್ಲಿದೆಯೋ! ಈ ವಾರವೇ ಹುಡುಕಿಡಿ, ಇಲ್ಲದಿದ್ದರೆ ಶಾಲೆಗೆ ಹೋಗಿ ಸೀಲು ಹಾಕಿಸಿದ ಪ್ರತಿ ತನ್ನಿ.

ನನ್ನ ಅಭಿಪ್ರಾಯ ಕೇಳಿದರೆ, ಕಳಿಸಿ, ಆದರೆ ಈ ಒಂದೇ ಕಾಲೇಜಿಗೆ ಜೋತುಬೀಳಬೇಡಿ. ಫುಟ್‌ಬಾಲ್ ದೊಡ್ಡದಾಗಿರುವ ಕಾಲೇಜು ಅನ್ನುವ ಕಾರಣಕ್ಕೆ ಬೇಡ ಅನ್ನಬೇಕಿಲ್ಲ, ಅಂಥ ಹಲವು ಕಡೆ ಎಂಜಿನಿಯರಿಂಗ್ ತುಂಬ ಚೆನ್ನಾಗಿದೆ. ಜೊತೆಗೆ ಎನ್‌ಸಿಎಎಯ ಮೂರು ದರ್ಜೆಗಳಲ್ಲಿ ಕೊನೆಯದಾದ ಡಿವಿಷನ್ ಮೂರರ ಕಾಲೇಜುಗಳನ್ನೂ ನೋಡಿ. ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲ, ಓದಿಗೆ ಮತ್ತು ಮನೆಯ ಆದಾಯ ನೋಡಿ ಕೊಡುವ ಸಹಾಯ ಇದೆ. ಈಜು ಬಿಟ್ಟರೂ ಆ ಹಣ ನಿಲ್ಲುವುದಿಲ್ಲ. ಎಂಐಟಿ ಕೂಡ ಡಿವಿಷನ್ ಮೂರೇ, ಮೇಲೆ ಹೇಳಿದ ಶಿಕಾಗೊ 1969ರಲ್ಲಿ ಮತ್ತೆ ಶುರುಮಾಡಿದ ಫುಟ್‌ಬಾಲ್ ಕೂಡ ಈಗ ಅಲ್ಲೇ ಇದೆ.

ಕೋಚ್‌ಗೆ ಈ ಪ್ರಶ್ನೆಗಳ ಮೇಲ್ ನೀವು ಬರೆಯಬೇಡಿ. ಮಗಳೇ ಬರೆಯಲಿ, ಅವಳ ಹೆಸರಲ್ಲಿ, ಅವಳ ಇಂಗ್ಲಿಷ್‌ನಲ್ಲಿ. ಅಪ್ಪ ಅಮ್ಮ ಬರೆದ ಮೇಲ್ ಅವರಿಗೆ ಒಂದೇ ಸಾಲಿನಲ್ಲಿ ಗೊತ್ತಾಗುತ್ತದೆ. ಬಂದ ಉತ್ತರವನ್ನು ನನಗೆ ಕಳಿಸಿದರೆ ನೋಡಿ ಹೇಳುತ್ತೇನೆ.